ಆಕ್ಸೊಲಾಟಲ್‌ಗೆ ತಂಗಳ ನೀರು

ಪಶುವೈದ್ಯಕೀಯ ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾಯಿ, ಬೆಕ್ಕು, ಎಮ್ಮೆಗಳ ವಿಷಯ ಅವರಿಗೆ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಅವರು ಕೇಳುವುದು ಗಾಜಿನ ತೊಟ್ಟಿಯಲ್ಲಿ ಬದುಕುವ ರೋಗಿಗಳ ಬಗ್ಗೆ. "ಮೇಡಂ, ಆಕ್ಸೊಲಾಟಲ್ ಬಂದರೆ ಮೊದಲು ಏನು ನೋಡಬೇಕು?" ಇದಕ್ಕೆ ಉತ್ತರ ಚಿಕ್ಕದು. ಆ ಉತ್ತರವನ್ನು ಕಲಿಯಲು ಹಿಡಿದ ಕಾಲ ಚಿಕ್ಕದಲ್ಲ. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ.

ಆಂಧ್ರಪ್ರದೇಶ ಇನ್ನೂ ಒಂದಾಗಿದ್ದಾಗ ನಾನು ಹೈದರಾಬಾದಿನ ಒಂದು ಸರ್ಕಾರಿ ಪಶು ಆಸ್ಪತ್ರೆಯಲ್ಲಿದ್ದೆ. ಅಪ್ಪ ರಾಯಚೂರಿನಿಂದ ಕಾರ್ಖಾನೆಯ ಕೆಲಸಕ್ಕೆ ಬಂದು ಇಲ್ಲಿಯೇ ಉಳಿದವರು. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತೆಲುಗು ಮತ್ತು ಹಿಂದಿ. ಮೊದಲ ವರ್ಷಗಳೆಲ್ಲ ಎಮ್ಮೆಗಳ ಕೆಚ್ಚಲು ನೋಡುವುದರಲ್ಲಿ ಕಳೆದವು. ಊರು ಬೆಳೆದಂತೆ ಎಮ್ಮೆಗಳು ಹೊರವಲಯಕ್ಕೆ ಹೋದವು, ಅವುಗಳ ಜಾಗಕ್ಕೆ ನಾಯಿಗಳು ಬಂದವು, ಆಮೇಲೆ ಆಮೆ, ಗಿಳಿ, ಮೀನು. ಮೀನಿನ ಹಿಂದೆಯೇ, ಮೀನಿನ ಹೆಸರಿನಲ್ಲಿ, ಆಕ್ಸೊಲಾಟಲ್ ಬಂತು.

ಮೊದಲ ಆಕ್ಸೊಲಾಟಲ್ ನನ್ನ ಮೇಜಿಗೆ ಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ. ತಂದವರು ಅದನ್ನು "ನಡೆಯುವ ಮೀನು" ಎಂದರು. ಅಂಗಡಿಯವನು ಆ ಹೆಸರು ಹೇಳಿಯೇ ಮಾರಿದ್ದ. ಒಂದು ಗೇಣಿನ ಉದ್ದ, ನಾಲ್ಕು ಕಾಲು, ಸದಾ ನಗುತ್ತಿರುವಂತೆ ಕಾಣುವ ಬಾಯಿ, ತಲೆಯ ಎರಡೂ ಕಡೆ ಗರಿಯಂತೆ ಹೊರಚಾಚಿದ ಕಿವಿರುಗಳು. ಇದು ಮೀನಲ್ಲ, ಸಲಮಾಂಡರ್ ಜಾತಿಯದು. ಕಪ್ಪೆಯ ದೂರದ ನೆಂಟ. ಮರಿಯ ರೂಪದಲ್ಲೇ ದೊಡ್ಡದಾಗಿ, ಜೀವನವಿಡೀ ನೀರಿನಲ್ಲೇ ಇರುತ್ತದೆ. ಮೀನು ಎಂದು ನಂಬಿದ ಆ ಮನೆಯವರು ಅದನ್ನು ಗೋಲ್ಡ್‌ಫಿಶ್‌ಗಳ ಜೊತೆ ಬಿಟ್ಟಿದ್ದರು. ಅವು ಕಿವಿರಿನ ಗರಿಗಳನ್ನು ಹುಳು ಎಂದುಕೊಂಡು ಕಿತ್ತು ತಿಂದಿದ್ದವು.

ನಾನು ಮೀನಿಗೆ ಕೊಡುವ ನೀಲಿ ಔಷಧದ ಸೀಸೆ ಎತ್ತಿಕೊಂಡೆ. ನಮ್ಮ ಮೇಲಧಿಕಾರಿ ಹಮೀದ್ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

"ದವಾ ನಕ್ಕೋ ಡಾಲೋ ಅಮ್ಮಾ," ಎಂದರು. ಔಷಧ ಹಾಕಬೇಡ ಎಂದು. "ಪೈಲೇ ಪಾನೀ ದೇಖೋ. ಮರೀಜ್ ಕೈಂ ನೈ ಭಾಗ್ತಾ."

ಮೊದಲು ನೀರು ನೋಡು, ರೋಗಿ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಪ್ರಾಣಿಯ ಚರ್ಮ ಒದ್ದೆ ಬಟ್ಟೆಯಂತೆ ನೀರಿನಲ್ಲಿರುವುದನ್ನೆಲ್ಲ ಹೀರುತ್ತದೆ. ಮೀನು ತಡೆದುಕೊಳ್ಳುವ ಔಷಧ ಇದನ್ನು ಕೊಲ್ಲಬಹುದು. ಹಮೀದ್ ಸಾಹೇಬರು ಅದುವರೆಗೆ ಆಕ್ಸೊಲಾಟಲ್ ನೋಡಿರಲಿಲ್ಲ. ಕಪ್ಪೆಗಳನ್ನು ನೋಡಿದ್ದರು, ಅಷ್ಟರಿಂದಲೇ ಊಹಿಸಿದರು. ತಂಪಾದ ಶುದ್ಧ ನೀರಿನಲ್ಲಿ ಒಂಟಿಯಾಗಿಟ್ಟು ಎರೆಹುಳು ಹಾಕಿದೆವು. ಕಿವಿರು ತಾನಾಗಿ ಬೆಳೆಯಿತು. ಇದು ಕಾಲು ಕಡಿದುಹೋದರೂ ಮತ್ತೆ ಬೆಳೆಸಿಕೊಳ್ಳುವ ಪ್ರಾಣಿ. ನಾವು ಅಡ್ಡ ಬರದಿದ್ದರೆ ಸಾಕು.

ಹೈದರಾಬಾದಿನಲ್ಲಿ ದೊಡ್ಡ ಅಡ್ಡಿ ಎಂದರೆ ಬೇಸಿಗೆ. ಇದಕ್ಕೆ ಬೇಕಾದದ್ದು ಇಪ್ಪತ್ತು ಡಿಗ್ರಿಯೊಳಗಿನ ನೀರು. ನಮ್ಮ ಏಪ್ರಿಲ್‌ನಲ್ಲಿ ಕೋಣೆಯ ನೆರಳಿನಲ್ಲಿಟ್ಟ ತೊಟ್ಟಿಯೂ ಮೂವತ್ತು ದಾಟುತ್ತದೆ. ಗಾಬರಿಬಿದ್ದವರು ಐಸ್ ಗಡ್ಡೆಯನ್ನೇ ತೊಟ್ಟಿಗೆ ಹಾಕುತ್ತಿದ್ದರು. ಬಿಸಿಗಿಂತ ಈ ಏಕಾಏಕಿ ತಂಪು ಕೆಟ್ಟದ್ದು. ನಾವು ಕಲಿತ ಉಪಾಯಗಳು ಸಾದಾ: ತೊಟ್ಟಿಯ ಮುಚ್ಚಳ ತೆಗೆದು ಜಾಳಿಗೆ ಹೊದಿಸಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಡುವುದು, ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಮುಚ್ಚಳ ಬಿಗಿದು ತೇಲಿಬಿಡುವುದು. ಒಣ ಹವೆಯ ಊರಾದ್ದರಿಂದ ಫ್ಯಾನಿನ ಉಪಾಯ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕರೆಂಟ್ ಹೋದಾಗ ಬಾಟಲಿಯೇ ಗತಿ. ಕೊನೆಯ ವರ್ಷಗಳಲ್ಲಿ ನೀರು ತಂಪಾಗಿಸುವ ಯಂತ್ರ ಬಂತು. ಉಳ್ಳವರು ಕೊಂಡರು.

ಸನತ್‌ನಗರದಲ್ಲಿ ಲೇತ್ ಯಂತ್ರ ಇಟ್ಟುಕೊಂಡಿದ್ದ ಯಾದಗಿರಿ ಎಂಬವರ ಪ್ರಾಣಿ ತೊಟ್ಟಿಯ ತಳಕ್ಕೆ ಹಾಸಿದ್ದ ಬಣ್ಣದ ಹರಳುಗಳನ್ನು ನುಂಗಿತ್ತು. ಬಾಯಿಯ ಮುಂದೆ ಅಲುಗಾಡಿದ್ದನ್ನೆಲ್ಲ ಎಳೆದುಕೊಳ್ಳುವುದು ಇದರ ಊಟದ ಕ್ರಮ. ಹಾಗಾಗಿ ತಳ ಬರಿದಾಗಿರಬೇಕು, ಇಲ್ಲವೇ ನುಂಗಲಾಗದಷ್ಟು ದೊಡ್ಡ ಕಲ್ಲುಗಳಿರಬೇಕು. ನಿಧಾನವಾಗಿ ಏರುವ ತಂಪಿಗೆ ಹೊಟ್ಟೆ ಸಡಿಲಾಗಲೆಂದು, ಪ್ರಾಣಿಯನ್ನು ನೀರಿನ ಡಬ್ಬಿಯಲ್ಲಿ ಬಿಟ್ಟು ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ ಎಂದೆ. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ತಂಪು ಪಾನೀಯದ ಫ್ರಿಜ್‌ನಲ್ಲಿಟ್ಟರು. ನಾನು ನೋಡಲು ಹೋದಾಗ ಬಾಟಲಿಗಳ ಸಾಲಿನ ಕೆಳಗೆ ಆ ಡಬ್ಬಿ, ಅದರ ಮೇಲೆ ಒಂದು ಚೀಟಿ: "ಇದು ಮಾರಾಟಕ್ಕಿಲ್ಲ."

"ಎವರೋ ಅಡಿಗಾರು ಮೇಡಂ, ಎಂತ ಅನಿ," ಎಂದರು ಯಾದಗಿರಿ. ಯಾರೋ ಬೆಲೆ ಕೇಳಿದ್ದರಂತೆ. ಹರಳುಗಳು ಒಂದೊಂದಾಗಿ ಹೊರಬಿದ್ದವು.

ಇನ್ನೊಬ್ಬರು ಡಾರ್ಜಿಲಿಂಗ್ ಪ್ರವಾಸದಿಂದ ಬರುವಾಗ ಕೊಳದ ಬದಿಯಲ್ಲಿ ಸಿಕ್ಕ ಕಂದು ಸಲಮಾಂಡರ್ ಒಂದನ್ನು ನೀರಿನ ಬಾಟಲಿಯಲ್ಲಿ ತಂದಿದ್ದರು. ಅದು ನಮ್ಮ ದೇಶದ್ದೇ ಜೀವಿ, ಕಾನೂನಿನ ರಕ್ಷಣೆ ಇರುವುದು, ಮನೆಯಲ್ಲಿಡುವಂತಿಲ್ಲ. ಹಾಗೆಂದಾಗ ಅವರ ಮುಖ ಬಿಳಿಚಿಕೊಂಡಿತು. ಅರಣ್ಯ ಇಲಾಖೆಗೆ ಒಪ್ಪಿಸಲು ಜೊತೆಗೆ ನಾನೇ ಹೋದೆ. ಬೈದಿದ್ದರೆ ಅವರು ಮನೆಗೆ ಹೋಗಿ ಅದನ್ನು ಚರಂಡಿಗೆ ಬಿಡುತ್ತಿದ್ದರು. ಸಾಕುವವರಲ್ಲಿ ಕೆಟ್ಟವರನ್ನು ನಾನು ಹೆಚ್ಚು ಕಂಡಿಲ್ಲ, ತಿಳಿಯದವರನ್ನು ಕಂಡಿದ್ದೇನೆ. ಈ ಮಾತನ್ನು ವಸುಧಾಳ ಪ್ರಕರಣ ನೋಡಿದ ಮೇಲೆ ಹೇಳುತ್ತಿದ್ದೇನೆ.

ವಸುಧಾ ಕಾಚಿಗುಡದಲ್ಲಿದ್ದವಳು, ಕಲಬುರಗಿ ಕಡೆಯ ಮನೆತನದ ಸೊಸೆ. ಗಂಡ ಕೆಲಸದ ಮೇಲೆ ತಿಂಗಳುಗಟ್ಟಲೆ ಬೇರೆ ಊರಿನಲ್ಲಿರುತ್ತಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ನೀಲಮ್ಮ ಇಬ್ಬರೇ. ಬೆಳಿಗ್ಗೆ ಬೇಗ ಕಂಪನಿಯ ಕ್ಯಾಬ್ ಹತ್ತಿ ಮಾದಾಪುರಕ್ಕೆ ಹೋದರೆ ಮರಳುವುದು ಸಂಜೆ. ಅವಳ ಆಕ್ಸೊಲಾಟಲ್‌ಗೆ ಗುಲಾಬಿ ಎಂದು ಹೆಸರು. ಮೈ ತಿಳಿಗುಲಾಬಿ, ಕಿವಿರು ಕೆಂಪು. ನಾನು ನೋಡಿದ ದಿನ ಆ ಕೆಂಪು ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕಿವಿರಿನ ತುದಿಗಳಲ್ಲಿ ಹತ್ತಿಯಂಥ ಬೂಸು ಕೂತಿತ್ತು.

"ನೀವು ಕನ್ನಡದವರು ಅಂತ ಗೊತ್ತಾತ್ರಿ, ಅದಕ್ಕ ಇಲ್ಲಿಗೇ ಬಂದೆ," ಎಂದಳು. "ಮನಿ ಮಾತು ತೆಲುಗಿನಾಗ ಹೇಳಾಕ ಬರಂಗಿಲ್ಲ."

"ಹೇಳಮ್ಮ."

"ಒಂದು ದಿನ ಛಲೋ ಇರ್ತೈತ್ರಿ. ಮರುದಿನ ಸಂಜೀಕ ಬಂದು ನೋಡಿದ್ರ ಕಿವಿರು ಮುಂದಕ್ಕ ಮುದುಡಿರ್ತಾವು. ಮ್ಯಾಲೆ ಬಂದು ಗುಟುಕು ಗುಟುಕು ಗಾಳಿ ಕುಡಿಯಾಕತ್ತಿರ್ತೈತಿ. ಅದರ ಮರುದಿನ ಮತ್ತ ತುಸು ಆರಾಮ. ಒಂದು ದಿನ ಬಿಟ್ಟು ಒಂದು ದಿನ, ತಪ್ಪದ."

"ನೀರು ಯಾವಾಗ ಬದಲು ಮಾಡ್ತಿ?"

"ಐತವಾರಕ್ಕೊಮ್ಮೆ, ಕಾಲು ಭಾಗ ಅಷ್ಟ. ಕ್ಲೋರಿನ್ ಹೋಗೋ ಹನಿ ಹಾಕಿನ ಹಾಕ್ತೀನ್ರಿ. ಫಿಲ್ಟರ್ ಭಾಳ ಛಲೋ ಐತಿ. ನೀರು ಯಾವಾಗ್ಲೂ ಕನ್ನಡಿ ಹಂಗ ಇರ್ತೈತಿ."

ಇಷ್ಟು ಹೇಳಿ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ನಮ್ಮ ಅತ್ತಿ ಏನೋ ಹಾಕಾಕತ್ತಾರ್ರಿ," ಎಂದಳು.

"ನೋಡೀಯೇನು?"

"ಇಲ್ಲ. ಆದ್ರ ಇದು ಮನಿಗೆ ಬಂದ ದಿನದಿಂದ ಅವರಿಗೆ ಬ್ಯಾಡಾಗೈತಿ. ಹಲ್ಲಿ ಅಂತಾರ. ಹುಳ ತಿನ್ನೋದು ಶರಣರ ಮನ್ಯಾಗ ಯಾಕ ಅಂತಾರ. ಹಗಲೆಲ್ಲ ಮನ್ಯಾಗ ಅವರೊಬ್ಬರ. ಮತ್ಯಾರು ಹಾಕ್ಬೇಕ್ರಿ?" ಆಮೇಲೆ ಹೇಳಿದಳು: "ಮಾದಾಪುರದಾಗ ಒಂದು ರೂಮು ನೋಡಿಟ್ಟೀನಿ. ಇದು ಸತ್ರ ನಾ ಆ ಮನ್ಯಾಗ ಇರಂಗಿಲ್ಲ."

ಅವಳು ತಂದಿದ್ದ ತೊಟ್ಟಿಯ ನೀರನ್ನು ಪರೀಕ್ಷಿಸಿದೆ. ಆ ಹೊತ್ತಿಗೆ ನಮ್ಮ ಕೈಗೆ ಹನಿ ಹಾಕಿ ಬಣ್ಣ ನೋಡುವ ಕಿಟ್ ಬಂದಿತ್ತು. ಪ್ರಾಣಿಯ ಮಲಮೂತ್ರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಹಳೆಯ ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ಆ ವಿಷವನ್ನು ತಿಂದು ನೈಟ್ರೇಟ್ ಆಗಿಸುತ್ತವೆ, ಅದು ಅಷ್ಟು ಅಪಾಯವಿಲ್ಲ. ವಸುಧಾಳ ನೀರಿನಲ್ಲಿ ಅಮೋನಿಯಾ ಇತ್ತು, ನೈಟ್ರೇಟ್ ಒಂದಿಷ್ಟೂ ಇರಲಿಲ್ಲ. ತಿಂಗಳುಗಳಿಂದ ನಡೆಯುತ್ತಿರುವ ತೊಟ್ಟಿಯ ನೀರು ನಿನ್ನೆ ತುಂಬಿದ ತೊಟ್ಟಿಯ ನೀರಿನಂತೆ ಇತ್ತು. ಬೇರೆ ವಿಷದ ಗುರುತು ಸಿಗಲಿಲ್ಲ. ಆದರೆ ಎಲ್ಲ ವಿಷಕ್ಕೂ ನನ್ನ ಹತ್ತಿರ ಪರೀಕ್ಷೆ ಇರಲಿಲ್ಲ, ಅದನ್ನೂ ಅವಳಿಗೆ ಹೇಳಿದೆ.

ಗುಲಾಬಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡೆ. ಅಯೋಡಿನ್ ಬೆರೆಸದ ಉಪ್ಪಿನ ನೀರಿನಲ್ಲಿ ದಿನಕ್ಕೆರಡು ಸಲ ಕೆಲವೇ ನಿಮಿಷ ಅದ್ದಿ ತೆಗೆದೆವು. ಬೂಸು ಕಳಚಿತು, ಕಿವಿರು ಹರಡಿತು, ಎರೆಹುಳು ತಿಂದಿತು. ಮನೆಗೆ ಕಳಿಸಿದೆ. ಒಂದು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಸ್ಥಿತಿಯಲ್ಲಿ ಬಂತು.

"ಈಗರ ನಂಬ್ತೀರೇನ್ರಿ?" ಎಂದಳು ವಸುಧಾ.

ನಂಬಿಕೆ ನನ್ನ ಕೆಲಸವಲ್ಲ. ಆದರೂ ಆಸ್ಪತ್ರೆಯಲ್ಲಿ ಬದುಕಿ ಮನೆಯಲ್ಲಿ ಸಾಯಲು ಹೊರಟ ಪ್ರಾಣಿಯ ಎದುರು ನನಗೂ ಅನುಮಾನ ಬಂತು. ಬಿಡದೆ ಕಾಡಿದ್ದು ಆ ಲೆಕ್ಕ. ವಿಷ ಹಾಕುವವರು ಒಂದು ದಿನ ಬಿಟ್ಟು ಒಂದು ದಿನ ಯಾಕೆ ಹಾಕುತ್ತಾರೆ?

ಮರುದಿನ ಬೆಳಿಗ್ಗೆ ನನ್ನ ಮನೆಯ ಹಿತ್ತಲಲ್ಲಿ ಡ್ರಮ್ಮಿನ ಬಾಯಿಗೆ ಪೈಪು ಹಿಡಿದು ನಿಂತಿದ್ದೆ. ನೀರಿನಿಂದ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಓಣಿಯಲ್ಲಿ ಆಗ ನೀರು ಬರುತ್ತಿದ್ದದ್ದು ಒಂದು ದಿನ ಬಿಟ್ಟು ಒಂದು ದಿನ. ವಸುಧಾಗೆ ಫೋನ್ ಮಾಡಿ, "ನಿಮ್ಮ ಕಡೆ ನಳ ಯಾವಾಗ ಬರ್ತೈತಿ?" ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಬರುತ್ತಿತ್ತು, ತುಂಬಿಕೊಳ್ಳುವವರು ನೀಲಮ್ಮ. ಆ ಮನೆಯಲ್ಲಿ ಎಂದಿನಂತೆ ಏನು ನಡೆಯುತ್ತದೆ ಎಂದು ನೋಡಬೇಕಿತ್ತು. ಆಸ್ಪತ್ರೆಯಲ್ಲಿದ್ದ ಗುಲಾಬಿಯನ್ನು ವಾಪಸು ಒಯ್ದು ತೊಟ್ಟಿಯಲ್ಲೇ ಬಿಡು, ಆದರೆ ನಾನು ಬರುವುದನ್ನು ಅತ್ತೆಗೆ ಹೇಳಬೇಡ ಎಂದೆ. ಅವಳು ನೆರೆಮನೆಯಲ್ಲಿ ವಿಚಾರಿಸಿ ದಿನ ತಿಳಿಸಿದಳು. ನಳ ಬರುವ ದಿನ ಬೆಳಗಿನ ಹೊತ್ತಿಗೆ ಕಾಚಿಗುಡಕ್ಕೆ ಹೋದೆ.

ಬಾಗಿಲು ತೆಗೆದವರು ಹಣೆಯ ತುಂಬ ವಿಭೂತಿ ಹಚ್ಚಿದ್ದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕೈ ಒದ್ದೆ. ನನ್ನ ಔಷಧದ ಚೀಲ ನೋಡಿಯೇ ಗುರುತಿಸಿದರು.

"ಹಲ್ಲಿ ಡಾಕ್ಟ್ರಬಾಯಿ ಏನ್ರಿ? ಬರ್ರಿ, ಬರ್ರಿ. ಚಪ್ಪಲಿ ಅಲ್ಲೇ ಬಿಡ್ರಿ. ನೆಲ ಹಸಿ ಐತಿ, ಜಾರ್ತೀರಿ."

ಒಳಗೆ ಗಾಜಿನ ತೊಟ್ಟಿ ಬರಿದಾಗಿತ್ತು. ತಳವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಂಡಿ ಹಿಂಡಿ ತೊಳೆದು ಬಿಸಿಲಿಗೆ ಇಟ್ಟಿದ್ದರು. ಗುಲಾಬಿ ಒಂದು ಸ್ಟೀಲ್ ಬೋಗುಣಿಯಲ್ಲಿತ್ತು. ಬೆಕ್ಕು ಬಂದೀತೆಂದು ಅದರ ಮೇಲೆ ತಾಟು ಮುಚ್ಚಿ, ಗಾಳಿಗೆಂದು ಒಂದು ಬದಿ ತೆರೆದಿಟ್ಟಿದ್ದರು. ಗೋಡೆಗೆ ಒರಗಿಸಿದಂತೆ ಐದಾರು ತುಂಬಿದ ಕೊಡಗಳು.

"ದಿನಾ ಹಿಂಗ ಮಾಡ್ತೀರೇನ್ರಿ ಅವ್ವಾರ?"

"ದಿನಾ ನಳ ಎಲ್ಲಿ ಬರ್ತೈತ್ರಿ ಈ ಊರಾಗ? ಬಂದ ದಿನ ಮಾಡ್ತೀನಿ. ಮೊದಲ ದೇವರಿಗೆ ಒಂದು ಕೊಡ, ಆಮ್ಯಾಲೆ ಕುಡಿಯಾಕ, ಆಮ್ಯಾಲೆ ಇದಕ್ಕ. ಉಳಿದ್ರ ನನ್ನ ಸೀರಿಗೆ."

"ಸೊಸಿಗೆ ಹೇಳಿಲ್ಲೇನ್ರಿ?"

"ಹೇಳೋದೇನೈತಿ ಅದರಾಗ? ಕಸ ಹೊಡದೆ, ನೀರು ತುಂಬಿದೆ ಅಂತ ಯಾರರ ಹೇಳ್ತಾರೇನು? ಅಕಿ ದಣಿದು ಬಂದಿರ್ತಾಳ." ನೀಲಮ್ಮ ಮೊಣಕಾಲಿನ ಮೇಲೆ ಕೈಯೂರಿ ಬೋಗುಣಿಯತ್ತ ಬಾಗಿದರು. "ಮೊದಲ ನನಗೂ ಹೇಸಿಗಿನ ಬರ್ತಿತ್ರಿ. ಹುಳ ನಾ ಮುಟ್ಟಂಗಿಲ್ಲ, ಅದು ಅಕಿ ಕೆಲಸ. ಆದ್ರ ಹಗಲೆಲ್ಲ ನನ್ನ ಮಾರಿನ ನೋಡ್ಕೋತ ಕುಂತಿರ್ತೈತಿ. ಮೂಕ ಜೀವ. ತಂಗಳ ನೀರಾಗ ಹೆಂಗ ಬಿಡೋದು? ನಾವು ನಿನ್ನಿ ನೀರು ಕುಡೀತೇವೇನ್ರಿ? ಅದೂ ತಾನ ಉಚ್ಚಿ ಹೊಯ್ದ ನೀರು! ಮೊನ್ನಿಂದ ಮೈಯಾಗ ಹುಷಾರಿಲ್ಲ ಅದಕ್ಕ. ಅದಕ್ಕ ಇನ್ನೂ ಛಂದಂಗ ತಿಕ್ಕಾಕತ್ತೀನಿ."

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ನಿನ್ನೆಯ ನೀರು ಎಂದರೆ ಚೆಲ್ಲುವ ನೀರು. ಬೆಳಿಗ್ಗೆ ಕೊಡ ಬೋರಲು ಹಾಕಿ, ತಿಕ್ಕಿ, ಹೊಸ ನೀರು ತುಂಬಬೇಕು. ನನ್ನ ತಾಯಿಯೂ ಹಾಗೆಯೇ ಮಾಡುತ್ತಿದ್ದರು. ಅದರಲ್ಲಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಹೊಸ ನೀರಿನ ಕ್ಲೋರಿನ್ ಗುಲಾಬಿಯ ಕಿವಿರನ್ನು ಸುಡುತ್ತಿತ್ತು. ಸಂಜೆ ವಸುಧಾ ಬರುವಷ್ಟರಲ್ಲಿ ಅದು ಹಾರಿಹೋಗಿರುತ್ತಿತ್ತು, ಹಾಗಾಗಿ ನನ್ನ ಪರೀಕ್ಷೆಗೂ ಸಿಗಲಿಲ್ಲ. ಸ್ಪಂಜಿನ ಸೂಕ್ಷ್ಮಾಣುಗಳು ಪ್ರತಿ ಸಲವೂ ತೊಳೆದುಹೋಗುತ್ತಿದ್ದವು. ಕನ್ನಡಿಯಂಥ ನೀರು ಫಿಲ್ಟರಿನದಲ್ಲ, ನೀಲಮ್ಮನದು.

"ಅವ್ವಾರ," ಎಂದೆ, "ಇದಕ್ಕ ತಂಗಳ ನೀರ ಬೇಕ್ರಿ. ಹೊಸ ನೀರಾಗಿನ ಔಷಧ ಇದರ ಕಿವಿರು ಸುಡತೈತಿ."

ಅವರ ಕೈಯಲ್ಲಿದ್ದ ತಂಬಿಗೆ ನಿಂತಿತು. "ಅಂದ್ರ ಇಷ್ಟು ದಿನ ನಾನ ಇದನ್ನ ಸುಡಾಕತ್ತಿದ್ನೇನ್ರಿ?"

"ಹೌದ್ರಿ. ಗೊತ್ತಿಲ್ಲದ."

ನೀಲಮ್ಮ ನೆಲದ ಮೇಲೆ ಕೂತುಬಿಟ್ಟರು. ಹೊಸ ವೈದ್ಯರಿಗೆ ಇಲ್ಲಿ ಒಂದು ಮಾತು. ಇಂಥ ಪ್ರಶ್ನೆಗೆ ಇಲ್ಲ ಎನ್ನಬೇಡಿ. ಇಲ್ಲ ಎಂದರೆ ಅವರು ನಾಳೆಯೂ ಅದನ್ನೇ ಮಾಡುತ್ತಾರೆ. ಹೌದು ಎನ್ನಿ, ಆದರೆ ಅವರ ಕೈಗೆ ಕೂಡಲೇ ಒಂದು ಕೆಲಸ ಕೊಡಿ. ನಾನು ಮನೆಯಿಂದ ತಂದಿದ್ದ ಡಬ್ಬಿ ತೆಗೆದೆ. ಅದರಲ್ಲಿ ನನ್ನ ಆರೋಗ್ಯವಾಗಿದ್ದ ತೊಟ್ಟಿಯ ಫಿಲ್ಟರಿನಿಂದ ಕತ್ತರಿಸಿದ ಕಂದು, ಲೋಳೆಯ ಸ್ಪಂಜಿನ ತುಂಡು ಇತ್ತು. ನೀಲಮ್ಮ ಮೂಗು ಮುಚ್ಚಿಕೊಂಡರು.

"ಇದನ್ನ ನಿಮ್ಮ ಫಿಲ್ಟರಿನಾಗ ಇಡ್ತೀನ್ರಿ. ಇದರಾಗ ಕಣ್ಣಿಗೆ ಕಾಣದ ಜೀವಾಣು ಅದಾವು. ಅವು ನೀರಾಗಿನ ಹೊಲಸು ತಿಂದು ನೀರು ಹದಕ್ಕ ತರ್ತಾವು. ತೊಳದ್ರ ಸಾಯ್ತಾವು. ಹಳೇ ನೀರು ಮುಕ್ಕಾಲು ಹಂಗ ಬಿಟ್ಟು, ಕಾಲು ಭಾಗ ಅಷ್ಟ ಬದಲು ಮಾಡಿದ್ರ…"

"ಹೆಪ್ಪು ಅನ್ರಿ," ಎಂದರು ನೀಲಮ್ಮ.

"ಆಂ?"

"ನಿಮ್ಮ ಮನಿ ಹೆಪ್ಪು ತಂದೀರಿ, ನಮ್ಮ ಮನಿ ನೀರಿಗೆ ಹಾಕಾಕತ್ತೀರಿ. ಇಷ್ಟಕ್ಕ ಅಷ್ಟುದ್ದ ಭಾಷಣ ಯಾಕ್ರಿ? ಮೊಸರಿನ ಗಡಿಗಿ ಪೂರ್ತಿ ತೊಳದು ಬಿಟ್ರ ನಾಳಿಗೆ ಹೆಪ್ಪು ಎಲ್ಲಿಂದ ತರೋದು?"

ಅಂದಿನಿಂದ ನಾನು ಕನ್ನಡದವರು ಬಂದರೆ ಆ ಒಂದೇ ಮಾತು ಹೇಳುತ್ತಿದ್ದೆ. ತೆಲುಗಿನವರಿಗೆ "ತೋಡು" ಎಂದರೆ ಸಾಕು, ಅದೂ ಹೆಪ್ಪೇ.

ವಸುಧಾಗೆ ಫೋನಿನಲ್ಲಿ ಕಂಡದ್ದನ್ನಷ್ಟೇ ಹೇಳಿದೆ: ಬರಿದಾದ ತೊಟ್ಟಿ, ಹುಣಸೆಹಣ್ಣು, ತಾಟು ಮುಚ್ಚಿದ ಬೋಗುಣಿ, ಕೊಡಗಳು.

"ಕೊಡ ಹೊರ್ತಿದ್ರೇನ್ರಿ? ರಾತ್ರಿ ಅವರ ಮೊಣಕಾಲಿಗೆ ಎಣ್ಣಿ ಹಚ್ಚಾಕಿ ನಾನ. ಯಾಕ ಬ್ಯಾನಿ ಅಂತ ಕೇಳಿರಲಿಲ್ಲ." ಆಮೇಲೆ, "ಮೇಡಂ, ನಾ ನಿಮ್ಮ ಮುಂದ ಅಂದಿದ್ದು ಅವರಿಗೆ ಹೇಳಬ್ಯಾಡ್ರಿ," ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಗುಲಾಬಿ ಬದುಕುತ್ತದೆಂದು ನಾನು ಭರವಸೆ ಕೊಟ್ಟಿರಲಿಲ್ಲ. ಕಿವಿರು ಬೇರಿನವರೆಗೂ ಸವೆದಿತ್ತು, ಊಟ ಬಿಟ್ಟಿತ್ತು. ಹೆಪ್ಪು ಹತ್ತುವವರೆಗೆ ಅದನ್ನು ಬಕೆಟಿನ ತಂಗಳ ನೀರಿನಲ್ಲಿಟ್ಟು, ತಣ್ಣನೆಯ ಬಾಟಲಿ ತೇಲಿಬಿಟ್ಟು ಅತ್ತೆ, ಸೊಸೆ ಇಬ್ಬರೂ ಪಾಳಿಯಲ್ಲಿ ನೋಡಿಕೊಂಡರು. ಒಂದು ಮಧ್ಯಾಹ್ನ ಆಸ್ಪತ್ರೆಗೆ ಫೋನ್ ಬಂತು. ನೀಲಮ್ಮನ ದನಿ. "ಡಾಕ್ಟ್ರಬಾಯಿ, ವಸುಧಾ ಆಫೀಸಿನಾಗ ಅದಾಳ. ಇದು ಬಾಯಿ ಬಾಯಿ ಬಿಡಾಕತ್ತೈತಿ, ಹಸಿವ್ಯಾಗೈತಿ ಅನಸ್ತೈತಿ. ಚಿಮಟಿಗಿಲೆ ಹುಳ ಹಿಡಿದು ಹಾಕೀನಿ. ನುಂಗಿತು. ಅಕಿಗೆ ಹೇಳಬ್ಯಾಡ್ರಿ, ನಗ್ತಾಳ." ಆ ಮನೆಯವರು ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದೆಲ್ಲ ನನ್ನ ಹತ್ತಿರ ಸೇರುತ್ತಿತ್ತು.

ಮಳೆಗಾಲ ಶುರುವಾದ ಮೇಲೆ ಕೊನೆಯ ಸಲ ನೋಡಲು ಹೋದೆ. ಕಿವಿರು ಕೆಂಪಗೆ ತುಂಬಿಕೊಂಡಿತ್ತು. ನೀರಿನಲ್ಲಿ ನೈಟ್ರೇಟ್ ಕಾಣಿಸಿತು, ಅಮೋನಿಯಾ ಇರಲಿಲ್ಲ. ವಸುಧಾಗೆ ಅಂದು ರಜೆ. ಮಾದಾಪುರದ ರೂಮಿನ ಬಗ್ಗೆ ನಾನು ಕೇಳಲಿಲ್ಲ. ಅವಳೇ ಚಹಾ ಕೊಡುತ್ತ, "ಅಲ್ಲಿಗೆ ಬ್ಯಾರೆ ಯಾರೋ ಬಂದಾರಂತ್ರಿ," ಎಂದಳು.

ನೀಲಮ್ಮ ಮೆಟ್ಟಿಲಿನವರೆಗೆ ಬಂದರು. ಕೆಳಗಿಳಿಯುವ ಮುನ್ನ ನನ್ನ ತೋಳು ಹಿಡಿದರು.

"ಒಂದು ಕೇಳ್ತೀನಿ. ನಾ ಏನರ ಹಾಕಾಕತ್ತೀನಿ ಅಂತ ಅಂದಿದ್ಲೇನ್ರಿ ಅಕಿ, ನಿಮ್ಮ ಮುಂದ?"

ಕೇಳಿದ ಪ್ರಶ್ನೆಗೆ ತಿಳಿದಷ್ಟನ್ನು ಹೇಳುವುದು ನನ್ನ ವೃತ್ತಿಯ ರೂಢಿ. ವಸುಧಾಗೆ ಕೊಟ್ಟ ಮಾತೂ ಇತ್ತು. ನಾನು ಹೌದು, ಇಲ್ಲ ಎರಡನ್ನೂ ಅನ್ನದೆ ಮೆಟ್ಟಿಲಿನ ಕಡೆ ನೋಡಿದೆ.

"ಬಿಡ್ರಿ, ನಿಮ್ಮ ಮಾರಿನ ಹೇಳ್ತು." ನೀಲಮ್ಮ ತೋಳು ಬಿಟ್ಟರು. ಅವರ ಹೊಟ್ಟೆಯೊಳಗಿನಿಂದ ನಗು ಬಂತು. "ಖರೇನ ಅಂದಾಳಲ್ರಿ ಅಕಿ. 'ಏನೋ ಹಾಕ್ತಾರ' ಅಂದ್ರ, ಹಾಕಿಲ್ಲೇನು ನಾ? ಕೊಡಗಟ್ಟಲೆ ಹಾಕೀನಿ!"

ಅಷ್ಟರಲ್ಲಿ ಒಳಗಿನಿಂದ ವಸುಧಾ ಕೂಗಿದಳು: "ಅತ್ತೀ, ನಳ ಬಂತ್ರಿ!"

ನೀಲಮ್ಮ ಗೋಡೆ ಹಿಡಿದುಕೊಂಡು ಬಾಗಿಲ ಕಡೆ ತಿರುಗಿದರು.

"ದೊಡ್ಡ ಬಕೆಟ್ ಇಡವ್ವಾ," ಎಂದರು. "ತುಂಬಿ ಹಂಗ ಬಿಡು. ನಾಳಿಗೆ ಇಬ್ಬರೂ ಕೂಡಿ ಹಾಕೂಣು."